ಐದು ಕುರ್ಚಿ ಮೂರಾದರೆ ಉಳಿಯುವುದು ಎಷ್ಟು?

ಐದು ಜನ ಕೂತು ಮಾಡುವ ಕೆಲಸವನ್ನು ಮೂರು ಜನ ಮಾಡಲಾರರೇ? ಇಪ್ಪತ್ತೈದು ಜನರ ಸಭೆಯ ಬದಲು ಹನ್ನೊಂದು ಜನ ಸಾಲದೇ? ಅಮೆರಿಕದ ನ್ಯೂಯಾರ್ಕ್, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಜನ ಈ ಪ್ರಶ್ನೆಯನ್ನು ಸುಮ್ನೆ ಕಟ್ಟೆ ಮೇಲೆ ಕೂತು ಕೇಳಿ ಎದ್ದು ಹೋಗುವುದಿಲ್ಲ. ಅರ್ಜಿ ಬರೆಯುತ್ತಾರೆ, ಮನೆಮನೆ ತಿರುಗಿ ಸಹಿ ಹಾಕಿಸುತ್ತಾರೆ, ಕ್ಲರ್ಕ್ ಕಚೇರಿಗೆ ಕೊಡುತ್ತಾರೆ. ಸಹಿಗಳು ಲೆಕ್ಕಕ್ಕೆ ಸರಿಬಂದರೆ ಪ್ರಶ್ನೆ ಮತಪತ್ರಕ್ಕೆ ಬರುತ್ತದೆ. ಹೆಚ್ಚು ಜನ ಹೌದು ಅಂದರೆ ಸ್ಥಳೀಯ ಮಂಡಳಿಯ ಕುರ್ಚಿಗಳು ಅಷ್ಟರಮಟ್ಟಿಗೆ ಕಡಿಮೆ. ಆ ಕುರ್ಚಿಯಲ್ಲಿ ಕೂತವರ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ.

ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ರಾಜಕಾರಣಿಗಳ ಮೇಲೆ ಸಿಟ್ಟಿರುವ ಯಾರಿಗಾದರೂ ಆ ಅರ್ಜಿಗೆ ಒಂದು ಸಹಿ ಹಾಕಿಬಿಡೋಣ ಅನ್ನಿಸುತ್ತದೆ. ಆದರೆ ಈ ಅರ್ಜಿಗಳ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಅರ್ಜಿ ಗೆಲ್ಲುವುದು ದುಡ್ಡು ಉಳಿಯುತ್ತದೆ ಎಂಬ ಮಾತಿನ ಮೇಲೆ. ಉಳಿಯುವ ದುಡ್ಡು ಮಾತ್ರ ಬಹಳ ಸಣ್ಣದು. ನಿಜವಾಗಿ ಬದಲಾಗುವುದು ಸಭೆಯೊಳಗಿನ ಬಲಾಬಲ. ಅದರ ಬಗ್ಗೆ ಅರ್ಜಿಯಲ್ಲಿ ಒಂದು ಸಾಲೂ ಇರುವುದಿಲ್ಲ.

ಬಫಲೋ ಸುತ್ತಮುತ್ತ

ಈ ಅರ್ಜಿಗಳು ಒಂದು ಚಳವಳಿಯ ಹಾಗೆ ಎದ್ದ ಜಾಗ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯ ಈರಿ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು). ಅದರ ಮುಖ್ಯ ಊರು ಬಫಲೋ. 1950ರಲ್ಲಿ ಆ ನಗರದಲ್ಲಿ 5 ಲಕ್ಷ 80 ಸಾವಿರ ಜನರಿದ್ದರು. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಜನ ಊರು ಬಿಟ್ಟರು. 2010ರ ಜನಗಣತಿ ಹೊತ್ತಿಗೆ ಉಳಿದಿದ್ದವರು 2 ಲಕ್ಷ 61 ಸಾವಿರ. ಅರ್ಧಕ್ಕೂ ಜಾಸ್ತಿ ಜನ ಹೋದರೂ ಸುತ್ತಲಿನ ಸರ್ಕಾರಗಳು ಮಾತ್ರ ಹೋಗಲಿಲ್ಲ. ಒಂದು ಕೌಂಟಿ, ಅದರೊಳಗೆ 3 ನಗರ, 25 ಟೌನ್, 16 ಹಳ್ಳಿ. ಪ್ರತಿಯೊಂದಕ್ಕೂ ಒಂದು ಮಂಡಳಿ. ಟೌನ್ ಎಂದರೆ ಇಲ್ಲಿ ಪೇಟೆಯಲ್ಲ. ಕೌಂಟಿಯನ್ನು ನಮ್ಮ ಹೋಬಳಿಗಳಂತೆ ಹಂಚಿಕೊಂಡ ಭಾಗ, ಆದರೆ ತನ್ನದೇ ತೆರಿಗೆ, ತನ್ನದೇ ಚುನಾಯಿತ ಮಂಡಳಿ ಇರುವಂಥದ್ದು. ಕೆಲವು ಹಳ್ಳಿಗಳು ಟೌನಿನ ಹೊಟ್ಟೆಯೊಳಗೇ ಇವೆ. ಅಲ್ಲಿನವರು ಹಳ್ಳಿಗೂ ತೆರಿಗೆ ಕಟ್ಟಬೇಕು, ಟೌನಿಗೂ ಕಟ್ಟಬೇಕು, ಕೌಂಟಿಗೂ ಕಟ್ಟಬೇಕು.

ಕೆವಿನ್ ಗಾಗನ್ ಎಂಬ ಬಫಲೋದ ವಕೀಲರು ಈ ಲೆಕ್ಕವನ್ನು ಹಿಡಿದುಕೊಂಡು ಊರೂರು ತಿರುಗಿದರು. 1990ರ ದಶಕದಲ್ಲಿ ಅವರು ಮಾತಾಡುತ್ತಿದ್ದದ್ದು ಇಡೀ ಪ್ರದೇಶಕ್ಕೆ ಒಟ್ಟಾದ ಆಡಳಿತ ಬೇಕು ಎಂದು. ಅದು ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ತಮ್ಮ ಊರಿನ ಹೆಸರು ಅಳಿಸಿಹೋಗುತ್ತದೆ ಅಂದರೆ ಯಾರು ಒಪ್ಪುತ್ತಾರೆ? ಮುಂದೆ ಅವರು ಚಿಕ್ಕ ಗುರಿ ಇಟ್ಟುಕೊಂಡರು. ಊರು ಇರಲಿ, ಊರಿನ ಮಂಡಳಿಯನ್ನು ಮಾತ್ರ ಐದರಿಂದ ಮೂರಕ್ಕೆ ಇಳಿಸೋಣ. ನ್ಯೂಯಾರ್ಕಿನ ಟೌನ್ ಕಾನೂನಿನಲ್ಲಿ ಇದಕ್ಕೆ ಮೊದಲೇ ದಾರಿಯಿತ್ತು. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಆ ಟೌನಿನಲ್ಲಿ ಬಿದ್ದ ಮತಗಳ ಶೇಕಡಾ 5ರಷ್ಟು ಸಹಿ ಬಂದರೆ ಸಾಕು. ಅರ್ಜಿ ಕೊಟ್ಟ 60ರಿಂದ 75 ದಿನದೊಳಗೆ ಅದಕ್ಕೆಂದೇ ಪ್ರತ್ಯೇಕ ಮತದಾನ ನಡೆಸಬೇಕು.

2009ರ ಜೂನ್‌ನಲ್ಲಿ ವೆಸ್ಟ್ ಸೆನೆಕಾ ಮತ್ತು ಇವಾನ್ಸ್ ಟೌನ್‌ಗಳಲ್ಲಿ ಮತದಾನ ನಡೆಯಿತು. ಎರಡೂ ಕಡೆ ಜನ ಹೌದು ಅಂದರು. ಮುಂದೆ ಬೇರೆ ಕೆಲವು ಟೌನ್‌ಗಳಿಗೂ ಅರ್ಜಿ ಹೋಯಿತು. ಕೌಂಟಿಯ ಶಾಸನಸಭೆಯನ್ನೂ 15ರಿಂದ 11ಕ್ಕೆ ಇಳಿಸಲು 2010ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದರು. ಅದಕ್ಕೂ ಮೊದಲೇ, ಟೌನ್‌ಗಳ ಗೆಲುವಿನಿಂದ ಗಾಗನ್ ಅವರಿಗೆ ಧೈರ್ಯ ಬಂದಿತ್ತು. ಅದೇ ಹೊತ್ತಿಗೆ ರಾಜ್ಯದಲ್ಲಿ ಒಂದು ಹೊಸ ಕಾನೂನು ಜಾರಿಗೆ ಬಂದಿತ್ತು. ಆಗ ಅಟಾರ್ನಿ ಜನರಲ್ ಆಗಿದ್ದ ಆಂಡ್ರ್ಯೂ ಕ್ವೊಮೊ ಮುಂದೆ ನಿಂತು ತಂದ ಕಾನೂನು ಅದು. 2010ರ ಮಾರ್ಚ್‌ನಿಂದ ಜನರೇ ಸಹಿ ಹಾಕಿ ತಮ್ಮ ಹಳ್ಳಿಯ ಸರ್ಕಾರವನ್ನೇ ವಿಸರ್ಜಿಸುವ ಪ್ರಶ್ನೆಯನ್ನು ಮತಕ್ಕೆ ತರಬಹುದು. ಗಾಗನ್ ಅವರ ತಂಡ ಸ್ಲೋನ್, ವಿಲಿಯಮ್ಸ್‌ವಿಲ್ ಎಂಬ ಎರಡು ಹಳ್ಳಿಗಳನ್ನು ಆರಿಸಿಕೊಂಡಿತು. 2010ರ ಆಗಸ್ಟ್ 17ಕ್ಕೆ ಮತದಾನ. ಎರಡೂ ಹಳ್ಳಿಗಳ ಜನ ದೊಡ್ಡ ಅಂತರದಿಂದ ಬೇಡ ಎಂದರು. ಮುಂದಿನ ತಿಂಗಳು ಫಾರ್ನಮ್ ಎಂಬ ಪುಟ್ಟ ಹಳ್ಳಿಯೂ ಬೇಡ ಎಂದಿತು.

ನನಗೆ ಈ ಇಡೀ ಕತೆಯಲ್ಲಿ ತುಂಬಾ ಮುಖ್ಯ ಅನ್ನಿಸುವ ಘಟ್ಟ ಇದೇ. ಒಂದೇ ಪ್ರದೇಶದ ಜನ, ಹೆಚ್ಚುಕಡಿಮೆ ಒಂದೇ ಕಾಲ. ಸದಸ್ಯರನ್ನು ಕಡಿಮೆ ಮಾಡಿ ಅಂದಾಗ ಸಂತೋಷದಿಂದ ಮತ ಹಾಕಿದರು. ಸರ್ಕಾರವನ್ನು ಕಡಿಮೆ ಮಾಡಿ ಅಂದಾಗ ಬಾಗಿಲು ಹಾಕಿಕೊಂಡರು. ಹಳ್ಳಿ ಹೋದರೆ ಬೀದಿಯ ಹಿಮ ಎತ್ತುವವರು ಯಾರು, ಕಸದ ಗಾಡಿ ಯಾವಾಗ ಬರುತ್ತದೆ, ಪೊಲೀಸರು ಯಾರ ಕೈಕೆಳಗೆ ಎಂಬ ಪ್ರಶ್ನೆ ಏಳುತ್ತದೆ. ಇಬ್ಬರು ಸದಸ್ಯರು ಹೋದರೆ ಯಾರ ಮನೆಯ ಮುಂದಿನ ಹಿಮವೂ ಹಾಗೇ ಉಳಿಯುವುದಿಲ್ಲ. ಹಾಗಾಗಿ ಕುರ್ಚಿ ಕತ್ತರಿಸುವುದು ಸುಲಭ. ಖರ್ಚು ಇರುವುದು ಮಾತ್ರ ಕುರ್ಚಿಯಲ್ಲಲ್ಲ, ಒಂದೇ ಕೆಲಸಕ್ಕೆ ಮೂರು ಕಡೆ ಇಟ್ಟುಕೊಂಡ ಇಲಾಖೆ, ಲಾರಿ, ನೌಕರರಲ್ಲಿ.

ದುಡ್ಡಿನ ಲೆಕ್ಕ

ಉಳಿತಾಯ ಎಷ್ಟು ಅನ್ನುವುದಕ್ಕೆ ಒಂದು ಒರಟು ಲೆಕ್ಕ ಹಾಕೋಣ. ವಿಸ್ಕಾನ್ಸಿನ್‌ನ ಮಿಲ್ವಾಕೀ ಕೌಂಟಿಯನ್ನು ತೆಗೆದುಕೊಳ್ಳಿ. ಅಲ್ಲಿ 18 ಸದಸ್ಯರು. ಸ್ಥಳೀಯ ಸದಸ್ಯರಿಗೆ ಅಷ್ಟು ಸಂಬಳ ಕೊಡುತ್ತಿದ್ದ ಜಾಗಗಳೇ ಕಡಿಮೆ. 2013ರ ಸುಮಾರಿಗೆ ಒಬ್ಬೊಬ್ಬರಿಗೆ ವರ್ಷಕ್ಕೆ ಸುಮಾರು 50 ಸಾವಿರ ಡಾಲರ್. ಹದಿನೆಂಟೂ ಜನರ ಸಂಬಳ ಸೇರಿಸಿದರೆ 9 ಲಕ್ಷ ಡಾಲರ್. ಕೌಂಟಿಯ ವಾರ್ಷಿಕ ಬಜೆಟ್ 100 ಕೋಟಿ ಡಾಲರಿಗೂ ಹೆಚ್ಚು. ಅಂದರೆ ಒಬ್ಬರನ್ನೂ ಬಿಡದೆ ಎಲ್ಲ ಸದಸ್ಯರನ್ನೂ ಮನೆಗೆ ಕಳಿಸಿದರೂ ಉಳಿಯುವುದು ಸಾವಿರ ಡಾಲರಿಗೆ ಒಂದು ಡಾಲರಿಗಿಂತ ಕಡಿಮೆ. ಭತ್ಯೆ, ವಿಮೆ, ಸಹಾಯಕರ ಖರ್ಚು ಸೇರಿಸಿದರೆ ಸ್ವಲ್ಪ ಮೇಲೆ ಹೋಗುತ್ತದೆ, ಆದರೂ ಮನೆ ತೆರಿಗೆಯ ಬಿಲ್ಲಿನಲ್ಲಿ ಕಣ್ಣಿಗೆ ಬೀಳುವಷ್ಟು ಆಗುವುದಿಲ್ಲ. ಸಣ್ಣ ಟೌನ್‌ಗಳ ಮಾತು ಕೇಳುವುದೇ ಬೇಡ. ಅಲ್ಲಿನ ಸದಸ್ಯಗಿರಿ ಸಂಜೆ ಹೊತ್ತಿನ ಕೆಲಸ, ಸಂಬಳವೂ ಅದಕ್ಕೆ ತಕ್ಕಂತೆ.

ಹಾಗಾದರೆ ಸಹಿ ಹಾಕುವವರು ಲೆಕ್ಕ ಬಾರದವರೇ? ಅಲ್ಲ. ಬಹಳ ಕಡೆ ಈ ಅರ್ಜಿಗಳ ಹಿಂದೆ ಒಂದು ನಿರ್ದಿಷ್ಟ ಸಿಟ್ಟು ಇರುತ್ತದೆ. ಮಿಲ್ವಾಕೀಯಲ್ಲೇ ನೋಡಿ. 2000ದ ಸುಮಾರಿಗೆ ಅಲ್ಲಿನ ಕೌಂಟಿ ಮಂಡಳಿ ನೌಕರರ ಪಿಂಚಣಿಯ ನಿಯಮಗಳನ್ನು ಸಡಿಲಿಸಿತು. ಕೆಲವರಿಗೆ ನಿವೃತ್ತಿಯ ದಿನ ಒಂದೇ ಕಂತಿನಲ್ಲಿ ದೊಡ್ಡ ಮೊತ್ತ ಸಿಗುವ ಹಾಗಾಯಿತು. ವಿಷಯ ಹೊರಬಿದ್ದ ಮೇಲೆ ಜನ ಬೀದಿಗಿಳಿದು ಸಹಿ ಸಂಗ್ರಹಿಸಿದರು. ಆ ಸಹಿ ಕುರ್ಚಿ ಕಡಿಮೆ ಮಾಡಲು ಅಲ್ಲ, ಕೂತವರನ್ನು ಇಳಿಸಲು. 2002ರ ಫೆಬ್ರವರಿಯಲ್ಲಿ ಕೌಂಟಿ ಮುಖ್ಯಸ್ಥ ಟಾಮ್ ಏಮೆಂಟ್ ಕುರ್ಚಿ ಬಿಟ್ಟರು. ಏಳು ಸದಸ್ಯರನ್ನು ಮತದಾರರು ವಾಪಸ್ ಕರೆಸಿಕೊಂಡರು. 25 ಇದ್ದ ಮಂಡಳಿ ಮುಂದೆ 19 ಆಯಿತು, ಆಮೇಲೆ 18. ಪಿಂಚಣಿಯ ಹೊರೆ ಕಡಿಮೆಯಾಯಿತಾ? ಇಲ್ಲ. ಕೊಟ್ಟ ಮಾತಿನ ಬಿಲ್ಲು ವರ್ಷ ವರ್ಷ ಬರುತ್ತಲೇ ಇತ್ತು. ಕುರ್ಚಿಯ ಸಂಖ್ಯೆ ಆ ಸಿಟ್ಟಿಗೆ ಸಿಕ್ಕ ಒಂದು ಜಾಗ, ಅಷ್ಟೇ.

ಮೂರರ ಗಣಿತ

ಈಗ ಅರ್ಜಿಯಲ್ಲಿ ಬರೆಯದ ಭಾಗಕ್ಕೆ ಬರೋಣ. ನ್ಯೂಯಾರ್ಕಿನ ಟೌನ್ ಮಂಡಳಿಯಲ್ಲಿ ಐವರು: ನಾಲ್ಕು ಸದಸ್ಯರು, ಜೊತೆಗೆ ಸೂಪರ್‌ವೈಸರ್ ಎಂಬ ಮುಖ್ಯಸ್ಥರು. ಅವರಿಗೂ ಒಂದು ಮತ. ಏನಾದರೂ ಪಾಸ್ ಆಗಬೇಕಾದರೆ ಮೂವರು ಬೇಕು. ಅಂದರೆ ಸೂಪರ್‌ವೈಸರ್ ಇನ್ನಿಬ್ಬರನ್ನು ಒಪ್ಪಿಸಬೇಕು. ಮಂಡಳಿ ಮೂರಕ್ಕೆ ಇಳಿದರೆ ಒಬ್ಬರನ್ನು ಒಪ್ಪಿಸಿದರೆ ಸಾಕು. ಒಬ್ಬರ ಜೊತೆ ಹೊಂದಾಣಿಕೆ ಇದ್ದರೆ ಇಡೀ ಊರು ಕೈಯಲ್ಲಿ. ಮೂರನೆಯವರು ಸಭೆಗೆ ಬಂದು ಮಾತಾಡಬಹುದು, ವಿರೋಧ ದಾಖಲಿಸಬಹುದು, ಅದಕ್ಕಿಂತ ಹೆಚ್ಚೇನೂ ಆಗುವುದಿಲ್ಲ.

ಇದರಲ್ಲೊಂದು ತಮಾಷೆ ಇದೆ. ಮೂವರ ಮಂಡಳಿಯಲ್ಲಿ ಇಬ್ಬರೇ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ. ನ್ಯೂಯಾರ್ಕಿನ ಬಹಿರಂಗ ಸಭೆಗಳ ಕಾನೂನಿನ ಪ್ರಕಾರ ಕೋರಂ ಆಗುವಷ್ಟು ಸದಸ್ಯರು ಊರಿನ ಕೆಲಸ ಮಾತಾಡಲು ಸೇರಿದರೆ ಅದು ಸಭೆ. ಮೊದಲೇ ಪ್ರಕಟಣೆ ಕೊಡಬೇಕು, ಜನರಿಗೆ ಒಳಗೆ ಬರಲು ಬಿಡಬೇಕು. ಐವರ ಮಂಡಳಿಯಲ್ಲಿ ಇಬ್ಬರು ಸದಸ್ಯರು ಕಾಫಿ ಕುಡಿಯುತ್ತಾ ಮುಂದಿನ ವರ್ಷದ ರಸ್ತೆ ಕೆಲಸದ ಬಗ್ಗೆ ತಲೆ ಕೆಡಿಸಿಕೊಳ್ಳಬಹುದು. ಮೂವರ ಮಂಡಳಿಯಲ್ಲಿ ಅದೇ ಇಬ್ಬರು ಹಾಗೆ ಕೂತರೆ ಕಾನೂನಿನ ಗಡಿ ದಾಟಿದಂತೆ. ಸಹಸದಸ್ಯರ ಜೊತೆ ಬಿಡುವಾಗಿ ಮಾತಾಡಲೇ ಆಗದ ಮೇಲೆ ಯೋಚನೆಯ ಕೆಲಸ ಯಾರ ಕೈಗೆ ಹೋಗುತ್ತದೆ? ಟೌನಿನ ವಕೀಲರು, ಎಂಜಿನಿಯರು, ಹಣಕಾಸಿನ ಅಧಿಕಾರಿ. ಚುನಾಯಿತರನ್ನು ಕಡಿಮೆ ಮಾಡಿ ಎಂದು ಸಹಿ ಹಾಕಿದವರಿಗೆ ಚುನಾಯಿತರಲ್ಲದವರ ಬಲ ಹೆಚ್ಚಾಗುತ್ತದೆ ಎಂದು ಯಾರೂ ಹೇಳಿರುವುದಿಲ್ಲ.

ವಿಶೇಷ ಬಹುಮತದ ಲೆಕ್ಕ ಇನ್ನೂ ಚೆನ್ನಾಗಿದೆ. ಟೌನ್ ಸಾಲಪತ್ರ ಹೊರಡಿಸಿ ಸಾಲ ಎತ್ತಬೇಕಾದರೆ ಸಾಮಾನ್ಯವಾಗಿ ಮಂಡಳಿಯ ಮೂರನೇ ಎರಡು ಭಾಗದ ಒಪ್ಪಿಗೆ ಬೇಕು. ಐವರಲ್ಲಿ ಮೂರನೇ ಎರಡು ಅಂದರೆ ಮೂರಕ್ಕಿಂತ ಸ್ವಲ್ಪ ಹೆಚ್ಚು; ಮನುಷ್ಯರನ್ನು ಚೂರು ಮಾಡಲು ಬರುವುದಿಲ್ಲವಾದ್ದರಿಂದ ನಾಲ್ವರು ಬೇಕು. ಮೂವರಲ್ಲಿ ಇಬ್ಬರು ಸಾಕು. ಐವರಿದ್ದಾಗ ಇಬ್ಬರು ಬೇಡ ಅಂದರೆ ಸಾಲ ನಿಲ್ಲುತ್ತಿತ್ತು. ಈಗ ಮಾಮೂಲಿ ಬಹುಮತವೇ ಸಾಲಕ್ಕೂ ಸಾಕು. ದುಡ್ಡು ಉಳಿಸಲು ಮಾಡಿದ ಬದಲಾವಣೆ ಸಾಲದ ಬಾಗಿಲಿನ ಅಗುಳಿಯನ್ನು ಸಡಿಲ ಮಾಡಿತು.

ಇನ್ನೊಂದು ಕಡೆ ಇದಕ್ಕೆ ತದ್ವಿರುದ್ಧ. ಜಮೀನಿನ ಬಳಕೆ ಬದಲಿಸುವ ಪ್ರಸ್ತಾವ ಬಂದಾಗ ಅಕ್ಕಪಕ್ಕದ ಭೂಮಾಲೀಕರು, ಕಾನೂನು ಹೇಳಿದಷ್ಟು ಪಾಲು ಇರುವವರು, ಬರೆದು ತಕರಾರು ಕೊಟ್ಟರೆ ಅದು ಪಾಸ್ ಆಗಲು ನಾಲ್ಕನೇ ಮೂರು ಭಾಗ ಬೇಕು. ಐವರಲ್ಲಿ ನಾಲ್ವರು. ಮೂವರಲ್ಲಿ? ಮೂವರೂ. ಮೊದಲು ತಡೆಯಲು ಇಬ್ಬರು ಬೇಕಿತ್ತು, ಈಗ ಒಬ್ಬರೇ ಸಾಕು. ಸಾಲ ಸುಲಭವಾಯಿತು, ಲೇಔಟು ಕಷ್ಟವಾಯಿತು. ಇದು ಒಳ್ಳೆಯದೋ ಕೆಟ್ಟದ್ದೋ, ಅದು ನೀವು ಆ ಜಾಗದ ಪಕ್ಕದಲ್ಲಿದ್ದೀರೋ ಅದನ್ನು ಕೊಂಡಿದ್ದೀರೋ ಅನ್ನುವುದರ ಮೇಲೆ ನಿಂತಿದೆ. ಮತಪತ್ರದ ಮೇಲಿದ್ದದ್ದು ಮಾತ್ರ ಐದಾ, ಮೂರಾ ಅನ್ನುವುದೊಂದೇ.

ಒಬ್ಬರು ಕಾಯಿಲೆ ಬಿದ್ದರೆ, ರಾಜೀನಾಮೆ ಕೊಟ್ಟರೆ ಉಳಿದ ಇಬ್ಬರೂ ಪ್ರತಿಯೊಂದಕ್ಕೂ ಒಮ್ಮತಕ್ಕೆ ಬರಬೇಕು. ಜಗಳವಾದರೆ ಊರೇ ನಿಂತುಹೋಗುತ್ತದೆ.

ವಿಸ್ಕಾನ್ಸಿನ್‌ನ ದೊಡ್ಡ ಸಭೆಗಳು

ಹಾಗಂತ ಕಡಿಮೆ ಮಾಡುವುದೇ ತಪ್ಪು ಎಂದು ಹೇಳಲಾರೆ. ವಿಸ್ಕಾನ್ಸಿನ್ ನೋಡಿದರೆ ಜನ ಯಾಕೆ ಬೇಸತ್ತರು ಎಂದು ಅರ್ಥವಾಗುತ್ತದೆ. ನ್ಯೂಯಾರ್ಕ್ ಕಡೆಯಿಂದ ಬಂದು ನೆಲೆಸಿದವರು ಅಲ್ಲಿನ ಪದ್ಧತಿಯನ್ನೇ ತಂದಿದ್ದರು. ಪ್ರತಿ ಟೌನಿನ ಮುಖ್ಯಸ್ಥ ಕೌಂಟಿ ಮಂಡಳಿಗೂ ಸದಸ್ಯ. ಟೌನ್ ಹೆಚ್ಚಾದಂತೆ ಮಂಡಳಿಯೂ ಊದಿಕೊಳ್ಳುತ್ತಾ ಹೋಯಿತು. ನೂರಾರು ಜನರ ಟೌನಿಗೂ ಒಂದು ಮತ, ಸಾವಿರಾರು ಜನರ ಟೌನಿಗೂ ಒಂದೇ ಮತ. 1965ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇದು ನಡೆಯುವುದಿಲ್ಲ, ಕ್ಷೇತ್ರಗಳಲ್ಲಿ ಜನಸಂಖ್ಯೆ ಸಮನಾಗಿರಬೇಕು ಎಂದಿತು. ಆಗ ಕ್ಷೇತ್ರಗಳನ್ನು ಹೊಸದಾಗಿ ಮಾಡಿದರು, ಆದರೆ ದೊಡ್ಡ ಸಭೆಯ ಅಭ್ಯಾಸ ಉಳಿಯಿತು. ಈಗಲೂ ಮಿಲ್ವಾಕೀ ಬಿಟ್ಟರೆ ಒಂದು ಲಕ್ಷಕ್ಕೂ ಹೆಚ್ಚು ಜನರಿರುವ ಕೌಂಟಿ 47 ಸದಸ್ಯರ ತನಕ ಇಟ್ಟುಕೊಳ್ಳಬಹುದು. ಒಂದು ಕೌಂಟಿಗೆ 47! ಅಷ್ಟು ಜನ ಒಂದು ವಾಕ್ಯ ಮಾತಾಡಿದರೂ ಸಂಜೆ ಮುಗಿಯುತ್ತದೆ.

2005ರ ಅಧಿವೇಶನದಲ್ಲಿ ಬಂದ 100ನೇ ಕಾಯಿದೆ ಜನರಿಗೆ ಕತ್ತರಿ ಕೊಟ್ಟಿತು. ಅದರ ನಿಯಮಗಳನ್ನು ಓದಲು ಖುಷಿಯಾಗುತ್ತದೆ, ಬರೆದವರು ತಲೆ ಉಪಯೋಗಿಸಿದ್ದಾರೆ. ಸಹಿ ಸಂಗ್ರಹಿಸುವವರು ಮೊದಲು ಕೌಂಟಿ ಕ್ಲರ್ಕ್ ಹತ್ತಿರ ಹೆಸರು ನೋಂದಾಯಿಸಬೇಕು. ಅಲ್ಲಿಂದ 60 ದಿನ ಮಾತ್ರ ಸಮಯ. ಹಿಂದಿನ ವಸಂತ ಚುನಾವಣೆಯಲ್ಲಿ ಕೌಂಟಿ ಸದಸ್ಯರ ಸ್ಥಾನಗಳಿಗೆ ಬಿದ್ದ ಒಟ್ಟು ಮತಗಳ ಶೇಕಡಾ 25ರಷ್ಟು ಸಹಿ ಬೇಕು. ಕೇಳಲು ದೊಡ್ಡದೆನಿಸಿದರೂ ವಸಂತದ ಚುನಾವಣೆಗೆ ಬರುವವರೇ ಕಡಿಮೆ, ಎಷ್ಟೋ ಕ್ಷೇತ್ರಗಳಲ್ಲಿ ಒಬ್ಬರೇ ಅಭ್ಯರ್ಥಿ. ಆದ್ದರಿಂದ ಮೆಟ್ಟಿಲು ಅಷ್ಟೇನೂ ಎತ್ತರವಿಲ್ಲ. ಸದಸ್ಯರ ಸಂಖ್ಯೆ ಎಷ್ಟಿರಬೇಕು ಎಂದು ಅರ್ಜಿಯಲ್ಲೇ ಬರೆಯಬೇಕು. ಇನ್ನೊಂದು ಒಳ್ಳೆಯ ಅಂಶ: ಒಬ್ಬರು 11 ಎಂದು ಅರ್ಜಿ ಕೊಟ್ಟರೆ, ಅದರ ಗಡುವು ಮುಗಿದ 14 ದಿನದೊಳಗೆ ಇನ್ನೊಬ್ಬರು 17 ಎಂದು ಬದಲಿ ಅರ್ಜಿ ಕೊಡಬಹುದು. ಅದಕ್ಕೂ ಅಷ್ಟೇ ಸಹಿ ಇದ್ದರೆ ಎರಡೂ ಒಂದೇ ದಿನ ಮತಕ್ಕೆ ಬರುತ್ತವೆ.

ಇಲ್ಲಿ ಗೆದ್ದು ದೊಡ್ಡ ಕತ್ತರಿ ಆಡಿಸಿದ ಅರ್ಜಿಗಳಲ್ಲಿ ಒಂದು ವಾಲ್ವರ್ತ್ ಕೌಂಟಿಯದ್ದು. ಸುಮಾರು ಒಂದು ಲಕ್ಷ ಜನರ ಕೌಂಟಿ, 25 ಸದಸ್ಯರಿದ್ದರು. 2008ರ ಚುನಾವಣೆಯಿಂದ 11. ಒಬ್ಬ ಸದಸ್ಯರಿಗೆ ಸುಮಾರು 4 ಸಾವಿರ ಜನ ಇದ್ದದ್ದು 9 ಸಾವಿರ ಆಯಿತು. ನ್ಯೂಯಾರ್ಕಿನ ಟೌನ್‌ಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಅಲ್ಲಿ ಹೆಚ್ಚಿನ ಕಡೆ ಇಡೀ ಟೌನೇ ಒಂದು ಕ್ಷೇತ್ರ. ಕುರ್ಚಿ ಕಡಿಮೆಯಾದರೂ ಮತದಾರರು ಅವರೇ. ಇಲ್ಲಿ ಪ್ರತಿಯೊಬ್ಬರಿಗೂ ಒಂದು ಕ್ಷೇತ್ರ. ಕುರ್ಚಿ ಕಡಿಮೆಯಾದರೆ ಕ್ಷೇತ್ರ ಹಿಗ್ಗುತ್ತದೆ. 4 ಸಾವಿರ ಜನರ ಕ್ಷೇತ್ರವನ್ನು ಒಬ್ಬ ರೈತನೋ ನಿವೃತ್ತ ಮೇಷ್ಟ್ರೋ ನಾಲ್ಕು ಶನಿವಾರ ನಡೆದು ಮುಗಿಸಬಹುದು. ದೊಡ್ಡದಾದಷ್ಟೂ ಅಂಚೆಯಲ್ಲಿ ಕರಪತ್ರ ಕಳಿಸಬೇಕು, ಬೋರ್ಡು ಹಾಕಿಸಬೇಕು, ದುಡ್ಡು ಬೇಕು. ಒಂದು ಮೂಲೆಯಲ್ಲಿ ಗುಂಪಾಗಿ ಬದುಕುವ ಸಣ್ಣ ಸಮುದಾಯಕ್ಕೆ ಸಣ್ಣ ಕ್ಷೇತ್ರದಲ್ಲಿ ಗೆಲ್ಲುವ ಅವಕಾಶ ಇರುತ್ತದೆ, ದೊಡ್ಡದರಲ್ಲಿ ಅದು ಕರಗುತ್ತದೆ.

ಮತ್ತೊಂದು ವಿಷಯ. ಅರ್ಜಿದಾರರು ಸಂಖ್ಯೆಯನ್ನು ಹೇಳಬಹುದು, ನಕ್ಷೆಯನ್ನು ಹೇಳುವ ಹಾಗಿಲ್ಲ. ಜನಮತ ಗೆದ್ದ ಮೇಲೆ ಹೊಸ ಕ್ಷೇತ್ರಗಳ ಗೆರೆ ಎಳೆಯುವುದು ಹಳೆಯ ಮಂಡಳಿಯೇ. ಯಾವ ಇಬ್ಬರು ಹಾಲಿ ಸದಸ್ಯರು ಒಂದೇ ಕ್ಷೇತ್ರಕ್ಕೆ ಬೀಳಬೇಕು, ಯಾರ ಮನೆ ಸುರಕ್ಷಿತವಾಗಿರಬೇಕು ಎಂದು ತೀರ್ಮಾನಿಸುವವರು ಜನ ಯಾರ ಮೇಲೆ ಸಿಟ್ಟಾಗಿ ಸಹಿ ಹಾಕಿದರೋ ಅವರೇ.

ನನ್ನ ಅಭಿಪ್ರಾಯ ಕೇಳಿದರೆ, 40ರ ಹತ್ತಿರದ ಸಭೆಯನ್ನು 20ಕ್ಕೆ ಇಳಿಸುವುದರಲ್ಲಿ ಅರ್ಥವಿದೆ. 25ರಿಂದ 11 ಸ್ವಲ್ಪ ದುಡುಕು. ಐದರಿಂದ ಮೂರು ಮಾತ್ರ ಯಾವ ಲೆಕ್ಕದಲ್ಲೂ ಒಪ್ಪಿಗೆಯಾಗುವುದಿಲ್ಲ.

ಚಹಾ ಚೀಲಗಳ ಕತೆ

ಸ್ಥಳೀಯ ಮಂಡಳಿಯದ್ದಲ್ಲದಿದ್ದರೂ ಇಲ್ಲಿ ಇಲಿನಾಯ್ ರಾಜ್ಯದ ಉದಾಹರಣೆ ಬಿಡಲು ಆಗುವುದಿಲ್ಲ, ಯಾಕೆಂದರೆ ಇಂಥ ಅರ್ಜಿಯ ಪರಿಣಾಮವನ್ನು ದೀರ್ಘಕಾಲ ನೋಡಲು ಸಿಗುವುದು ಅಲ್ಲೇ. 1978ರಲ್ಲಿ ಚುನಾವಣೆ ಮುಗಿದ ಕೂಡಲೇ ಶಾಸಕರು ತಮ್ಮ ಸಂಬಳವನ್ನು 20 ಸಾವಿರದಿಂದ 28 ಸಾವಿರ ಡಾಲರಿಗೆ ಏರಿಸಿಕೊಂಡರು. ಪ್ಯಾಟ್ ಕ್ವಿನ್ ಎಂಬ ಯುವಕನ ಕರೆಗೆ ಓಗೊಟ್ಟು ಜನ ಗವರ್ನರಿಗೆ ಚಹಾ ಚೀಲಗಳನ್ನು ಅಂಚೆಯಲ್ಲಿ ಕಳಿಸಿದರು. ಬಾಸ್ಟನ್ ಬಂದರಿನಲ್ಲಿ ಚಹಾ ಸುರಿದು ತೆರಿಗೆ ಪ್ರತಿಭಟಿಸಿದ ಹಳೆಯ ನೆನಪು ಅದು. ಆಮೇಲೆ ಸಹಿ ಸಂಗ್ರಹ. 1980ರ ನವೆಂಬರ್‌ನಲ್ಲಿ ಮತದಾರರು ರಾಜ್ಯದ ಕೆಳಮನೆಯನ್ನು 177ರಿಂದ 118ಕ್ಕೆ ಇಳಿಸಿದರು.

ಅಲ್ಲಿ ತನಕ 59 ಕ್ಷೇತ್ರ, ಪ್ರತಿ ಕ್ಷೇತ್ರಕ್ಕೆ ಮೂವರು. ಮತದಾರರಿಗೆ ಮೂರು ಮತ. ಬೇಕಾದರೆ ಮೂರನ್ನೂ ಒಬ್ಬರಿಗೇ ಹಾಕಬಹುದು. ಇದರಿಂದ ಡೆಮಾಕ್ರಟಿಕ್ ಕೋಟೆಯಾದ ಷಿಕಾಗೋದಿಂದಲೂ ಒಬ್ಬಿಬ್ಬರು ರಿಪಬ್ಲಿಕನ್ನರು ಬರುತ್ತಿದ್ದರು, ದಕ್ಷಿಣದ ರಿಪಬ್ಲಿಕನ್ ಹಳ್ಳಿಗಳಿಂದ ಡೆಮಾಕ್ರಟರು ಬರುತ್ತಿದ್ದರು. ಸಂಖ್ಯೆ ಇಳಿಸುವ ಅರ್ಜಿಯಲ್ಲೇ ಈ ಪದ್ಧತಿಯೂ ಹೋಯಿತು. ಪಕ್ಷದ ಮಾತಿಗೆ ಎದುರಾಡುವ ಧೈರ್ಯ ಇದ್ದವರಲ್ಲಿ ಹೆಚ್ಚಿನವರು ಇಂಥ ಅಲ್ಪಸಂಖ್ಯಾತ ಸೀಟುಗಳಿಂದ ಬಂದವರು. ಅವರು ಹೋದ ಮೇಲೆ ಪಕ್ಷದ ನಾಯಕರ ಹಿಡಿತ ಬಿಗಿಯಾಯಿತು. ಹೊಸ ಅಳತೆಯ ಸಭೆ ಮೊದಲ ಸಲ ಸೇರಿದ 1983ರಲ್ಲಿ ಸ್ಪೀಕರ್ ಆದವರು ಮೈಕೆಲ್ ಮ್ಯಾಡಿಗನ್. ನಡುವೆ ಎರಡು ವರ್ಷ ಬಿಟ್ಟರೆ 2021ರ ತನಕ ಅದೇ ಕುರ್ಚಿಯಲ್ಲಿದ್ದರು. ಎಲ್ಲದಕ್ಕೂ ಆ ಅರ್ಜಿಯೇ ಕಾರಣ ಎನ್ನುವುದು ಅತಿಯಾಗುತ್ತದೆ. ಆದರೆ 2001ರಲ್ಲಿ ಎರಡೂ ಪಕ್ಷಗಳ ಹಿರಿಯರು, ಮಾಜಿ ಗವರ್ನರ್ ಜಿಮ್ ಎಡ್ಗರ್ ಮತ್ತು ಮಾಜಿ ನ್ಯಾಯಾಧೀಶ ಆಬ್ನರ್ ಮಿಕ್ವಾ, ನಡೆಸಿದ ಸಮಿತಿ ಹಳೆಯ ಮತಪದ್ಧತಿಯೇ ವಾಪಸ್ ಬರಲಿ ಎಂದಿತು. ಬರಲಿಲ್ಲ. ಕ್ವಿನ್ ಮಾತ್ರ 2009ರಲ್ಲಿ ಅದೇ ರಾಜ್ಯದ ಗವರ್ನರ್ ಆದರು.

ಮಿಲ್ವಾಕೀಯಲ್ಲೂ ಬಲ ಹರಿದದ್ದು ಇದೇ ದಿಕ್ಕಿಗೆ. 2013ರಲ್ಲಿ ರಾಜ್ಯವೇ ಕಾನೂನು ಮಾಡಿ ಸದಸ್ಯರ ಸಂಬಳವನ್ನು ಸುಮಾರು 24 ಸಾವಿರ ಡಾಲರಿಗೆ ಇಳಿಸುವ ಪ್ರಶ್ನೆಯನ್ನು ಜನರ ಮುಂದಿಟ್ಟಿತು. 2014ರ ಏಪ್ರಿಲ್‌ನಲ್ಲಿ ಜನ ಭರ್ಜರಿಯಾಗಿ ಒಪ್ಪಿದರು. ಅದೇ ಕಾನೂನಿನ ಉಳಿದ ಭಾಗ ಜನರ ಮುಂದೆ ಹೋಗಲೇ ಇಲ್ಲ. ಅದು ಮಂಡಳಿಯ ಹಲವು ಅಧಿಕಾರಗಳನ್ನು ತೆಗೆದು ಕೌಂಟಿ ಮುಖ್ಯಸ್ಥರ ಕೈಗೆ ಕೊಟ್ಟಿತು.

ಪಂಡಿತರ ಜಗಳ

ದೊಡ್ಡ ಸಭೆ ಇದ್ದರೆ ಖರ್ಚು ಜಾಸ್ತಿ ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಪ್ರಸಿದ್ಧ ವಾದ ಇದೆ. 1981ರಲ್ಲಿ ವೈನ್‌ಗಾಸ್ಟ್, ಶೆಪ್ಸ್ಲಿ, ಜಾನ್ಸನ್ ಎಂಬ ಮೂವರು ಬರೆದದ್ದು. ಬಿಲ್ಲನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳೋಣ ಎಂದು ಹೋಟೆಲಿಗೆ ಹೋದ ಗೆಳೆಯರನ್ನು ನೆನೆಸಿಕೊಳ್ಳಿ. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರೂ ಹೆಚ್ಚು ತಿಂಡಿ ತರಿಸುತ್ತಾರೆ, ಯಾಕೆಂದರೆ ತಾನು ತಿಂದದ್ದರಲ್ಲಿ ತನ್ನ ಪಾಲಿಗೆ ಬೀಳುವುದು ಸಣ್ಣ ಭಾಗ. ಪ್ರತಿ ಸದಸ್ಯನೂ ತನ್ನ ಕ್ಷೇತ್ರಕ್ಕೆ ಸೇತುವೆ ಕೇಳುತ್ತಾನೆ, ದುಡ್ಡು ಎಲ್ಲರದ್ದು.

ವಾದ ಸೊಗಸಾಗಿದೆ. ಲೆಕ್ಕಕ್ಕೆ ಇಳಿದಾಗ ಉತ್ತರ ಒಂದೇ ಬರಲಿಲ್ಲ. ಜರ್ಮನಿಯ ಬವೇರಿಯಾದಲ್ಲಿ ಊರಿನ ಜನಸಂಖ್ಯೆ ಒಂದು ಮಿತಿ ದಾಟಿದ ತಕ್ಷಣ ಮಂಡಳಿ ದೊಡ್ಡದಾಗುತ್ತದೆ. ಮಿತಿಯ ಆಚೆ ಈಚೆ ಇರುವ ಊರುಗಳನ್ನು ಹೋಲಿಸಿ ಎಗ್ಗರ್ ಮತ್ತು ಕೋಥೆನ್‌ಬರ್ಗರ್ 2010ರಲ್ಲಿ ಹೇಳಿದ್ದು: ಹೌದು, ಸದಸ್ಯರು ಹೆಚ್ಚಿದ್ದಲ್ಲಿ ಖರ್ಚೂ ಹೆಚ್ಚು. ಎರಡೇ ವರ್ಷದಲ್ಲಿ ಪೆಟ್ಟರ್ಸನ್ ಲಿಡ್ಬೋಮ್ ಎಂಬ ಸ್ವೀಡನ್‌ನ ವಿದ್ವಾಂಸರು ಸ್ವೀಡನ್ ಮತ್ತು ಫಿನ್ಲೆಂಡಿನ ಊರುಗಳಲ್ಲಿ ಇಂಥದ್ದೇ ಹೋಲಿಕೆ ಮಾಡಿದರು. ಅವರಿಗೆ ಸಿಕ್ಕಿದ್ದು ಉಲ್ಟಾ: ಸದಸ್ಯರು ಹೆಚ್ಚಿದ್ದಲ್ಲಿ ಖರ್ಚು ಕಡಿಮೆ. ಸಮಿತಿಗಳಲ್ಲಿ ಕೂತು ಅಧಿಕಾರಿಗಳ ಲೆಕ್ಕವನ್ನು ಕೆದಕುವ ಕಣ್ಣುಗಳು ಹೆಚ್ಚಿರುವುದು ಕಾರಣವಿರಬಹುದು ಎಂದರು. ಅರ್ಜಿ ಹಿಡಿದು ಬರುವವರು ಮೊದಲ ಅಧ್ಯಯನವನ್ನು ನೆನಪಿಸುತ್ತಾರೆ, ಅದನ್ನು ವಿರೋಧಿಸುವ ಸದಸ್ಯರು ಎರಡನೆಯದನ್ನು. ನನಗಂತೂ ಎರಡೂ ತಮ್ಮ ತಮ್ಮ ನೆಲದಲ್ಲಿ ನಿಜ ಅನ್ನಿಸುತ್ತದೆ. ಸದಸ್ಯರು ಕೂತು ಮಾಡುವ ಕೆಲಸ ಏನು ಎಂಬುದನ್ನು ಬಿಟ್ಟು ಎಷ್ಟು ಜನ ಎಂದು ಕೇಳಿದರೆ ಹೀಗೇ ಆಗುವುದು.

ನಮ್ಮ ಕಡೆಯ ಅಳತೆ

ಇದನ್ನು ಓದುವ ಬೆಂಗಳೂರಿನವರಿಗೆ ಒಂದು ಮಾತು. ಬಿಬಿಎಂಪಿಯಲ್ಲಿ 198 ವಾರ್ಡುಗಳಿದ್ದವು. 2011ರ ಜನಗಣತಿಯ 84 ಲಕ್ಷ ಜನರನ್ನು ಹಂಚಿದರೆ ಒಬ್ಬ ಕಾರ್ಪೊರೇಟರಿಗೆ 42 ಸಾವಿರಕ್ಕೂ ಹೆಚ್ಚು ಜನ. ವಾಲ್ವರ್ತ್‌ನವರು 4 ಸಾವಿರ ಜನಕ್ಕೊಬ್ಬರು ಜಾಸ್ತಿಯಾಯಿತು ಎಂದು ಸಹಿ ಹಾಕಿದವರು! ಇಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ಚುನಾಯಿತ ಸದಸ್ಯರೂ ಇರಲಿಲ್ಲ, ಆಡಳಿತಾಧಿಕಾರಿಗಳೇ ನಡೆಸಿದರು. ನಡುವೆ ವಾರ್ಡುಗಳ ಸಂಖ್ಯೆ 243 ಎಂದಾಯಿತು, 225 ಎಂದಾಯಿತು. 2025ರಲ್ಲಿ ಪಾಲಿಕೆಯೇ ಐದು ಹೋಳಾಗಿ ಒಟ್ಟು 369 ವಾರ್ಡು ಎಂದಾಯಿತು. ಇದರಲ್ಲಿ ಯಾವ ಸಂಖ್ಯೆಗೂ ಮತದಾರರು ಸಹಿ ಹಾಕಲಿಲ್ಲ, ಮತ ಹಾಕಲಿಲ್ಲ. ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ ಎಂದು ರಾಜ್ಯದ ಕಾಯಿದೆಯೇ ಬರೆದಿಟ್ಟಿದೆ. ಗ್ರಾಮಸಭೆ ಅದನ್ನು ಒಂದು ಕೂದಲೆಳೆಯಷ್ಟೂ ಅಲುಗಾಡಿಸಲಾರದು.

ಹಾಗಾಗಿ ಅಮೆರಿಕನ್ನರ ಅರ್ಜಿಗಳನ್ನು ಸಂಪೂರ್ಣ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅವರು ಆರಿಸಿಕೊಂಡ ಸಂಖ್ಯೆ ತಪ್ಪಿರಬಹುದು. ಸಂಖ್ಯೆಯನ್ನು ಆರಿಸುವ ಹಕ್ಕು ಅವರಿಗಿದೆಯಲ್ಲ, ಅದು ಹೊಟ್ಟೆಕಿಚ್ಚು ಪಡುವಂಥದ್ದು.

ಆ ಹಕ್ಕನ್ನು ಬರೆದಿರುವ ರೀತಿಯಲ್ಲೇ ಒಂದು ದೊಡ್ಡ ವ್ಯತ್ಯಾಸವೂ ಇದೆ. ನ್ಯೂಯಾರ್ಕಿನ ಟೌನ್ ಕಾನೂನು ಎರಡೂ ಕಡೆ ತೆರೆಯುವ ಬಾಗಿಲು. ಅದೇ ಬಗೆಯ ಅರ್ಜಿಯಿಂದ ಇಳಿಸಲೂಬಹುದು, ಏರಿಸಲೂಬಹುದು. ಮೂವರ ಮಂಡಳಿಯ ಜೊತೆ ಹಲವು ವರ್ಷ ಬದುಕಿದ ಮೇಲೆ ವೆಸ್ಟ್ ಸೆನೆಕಾ ಮನಸ್ಸು ಬದಲಿಸಿತು. ಅಲ್ಲಿ ಈಗ ಮತ್ತೆ ಐವರ ಮಂಡಳಿ. ವಿಸ್ಕಾನ್ಸಿನ್‌ನಲ್ಲಿ ಜನರ ಅರ್ಜಿಗೆ ಇಳಿಸುವ ಅವಕಾಶ ಮಾತ್ರ ಇದೆ. ಏರಿಸಬೇಕಾದರೆ ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿಗೆ ಕಾಯಬೇಕು, ಆಗಲೂ ಅದನ್ನು ಮಾಡಬೇಕಾದದ್ದು ಮಂಡಳಿಯೇ. ಕುರ್ಚಿ ಕಡಿಮೆಯಿದ್ದಾಗ ಗೆದ್ದು ಬಂದವರಿಗೆ ಇನ್ನಷ್ಟು ಕುರ್ಚಿ ಹಾಕಿಸುವ ಆತುರ ಏನಿರುತ್ತದೆ? 2010ರ ಜನಗಣತಿ ಬಂದು ಹೋಯಿತು, 2020ರದ್ದೂ ಹೋಯಿತು. ವಾಲ್ವರ್ತ್ ಮಂಡಳಿಯಲ್ಲಿ ಇವತ್ತಿಗೂ 11 ಜನ.